ಸೋಗೆ ಬಿದ್ದರೆ ಮೀಟಿಂಗ್ ಬರಖಾಸ್ತು

ಲ್ಯಾಪ್‌ಟಾಪಿನ ವೈಫೈ ಪದೇಪದೇ ಕಡಿದುಹೋಗುತ್ತದೆ ಎಂದು ಬೆಂಗಳೂರಿನ ಜಾಣರ ಹತ್ತಿರ ಹೇಳಿಕೊಂಡರೆ ಮೊದಲ ಸಲಹೆ ಚಾನೆಲ್ ಬದಲಿಸಿ ಎಂಬುದು. ಅಕ್ಕಪಕ್ಕದ ಮನೆಗಳ ವೈಫೈಗಳು ಒಂದರ ಮೇಲೊಂದು ಬಿದ್ದು ಗಲಾಟೆ ಮಾಡುತ್ತವಂತೆ. 1, 6, 11ರಲ್ಲಿ ಯಾವುದು ಖಾಲಿಯೋ ಅದನ್ನು ಹಿಡಿಯಬೇಕಂತೆ. ಸಾಗರದ ಕಡೆ ನಮ್ಮ ಹಳ್ಳಿಯಲ್ಲಿ ಪಕ್ಕದ ಮನೆಯೆಂದರೆ ಒಂದು ತೋಟ, ಒಂದು ಹಳ್ಳ, ಒಂದು ಸಂಕ ದಾಟಿದ ಮೇಲೆ. ಅವರ ವೈಫೈ ಇಲ್ಲಿಯವರೆಗೆ ಬಂದು ಅಡ್ಡಿಪಡಿಸುವಷ್ಟು ಗಟ್ಟಿಯಾಗಿದ್ದರೆ ಹಾರ ಹಾಕಿ ಬರಮಾಡಿಕೊಳ್ಳುತ್ತಿದ್ದೆವು.

2020ರ ಲಾಕ್‌ಡೌನಿನಲ್ಲಿ ಕಂಪನಿ ಸಮೇತ ಊರಿಗೆ ಬಂದ ಹುಡುಗರು ರೇಂಜು ಹುಡುಕುತ್ತ ಗುಡ್ಡ ಹತ್ತಿದರು. ಮರುವರ್ಷ ಸಾಗರ, ಹೊಸನಗರದ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಎಂಬ ಬೋರ್ಡುಗಳೇ ಎದ್ದವು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಈಗ ಫೈಬರ್ ಬಂದ ಮನೆಯವರು ಒಂದು ಮೆಟ್ಟಿಲು ಮೇಲಿದ್ದೇವೆ: ನಮಗೆ ನೆಟ್ ಇದೆ, ಆದ್ದರಿಂದ ಹೋಗುತ್ತದೆ.

ಹೋಗುವ ರೀತಿ ಮಾತ್ರ ತಾಲ್ಲೂಕಿಗೊಂದು. ತೀರ್ಥಹಳ್ಳಿಯ ಭಾವನ ಮನೆ ಆಗುಂಬೆಯ ಕಡೆ. ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆ. ಅಲ್ಲಿ ನೆಟ್ ತಾನಾಗಿ ಹೋಗುವುದಕ್ಕೆ ಭಾವ ಅವಕಾಶವನ್ನೇ ಕೊಡುವುದಿಲ್ಲ. ದೂರದಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಓಡಿಬಂದು ಎಲ್ಲ ಪ್ಲಗ್ಗನ್ನೂ ಕೀಳುತ್ತಾರೆ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ ಎಂದು ಮಗಳು ವಾದಿಸಿ ನೋಡಿದಳು. ಆದರೆ ಕರೆಂಟಿನ ತಂತಿಯಲ್ಲಿ ಬಂದು ಅಡಾಪ್ಟರನ್ನು ಸುಡುತ್ತದಲ್ಲ! ಭಾವನ ಮಾತೇ ಸರಿ. ಸರಿಯಾದವರ ಜೊತೆ ಬದುಕುವುದು ಕಷ್ಟ.

ಹೊಸನಗರದ ಅತ್ತೆಯ ಮನೆಯದು ವಿಚಿತ್ರ ಕೇಸು. ಜಂಬಿಟ್ಟಿಗೆಯ ದಪ್ಪ ಗೋಡೆಗಳಿಗೆ ಹೆದರಿ, ವೇಗದ 5 ಗಿಗಾಹರ್ಟ್ಸ್ ಬಿಟ್ಟು, ನಿಧಾನವಾದರೂ ಗೋಡೆ ತೂರಿಕೊಂಡು ಬರುವ 2.4ಕ್ಕೆ ಇಳಿದಾಗಿತ್ತು. ಆದರೂ ಮೆತ್ತಿನ ಮೇಲೆ ಕೂತ ಮೊಮ್ಮಗನ ಲ್ಯಾಪ್‌ಟಾಪು ಆಗಾಗ ಉಸಿರು ಬಿಡುತ್ತಿತ್ತು. ಹೋಗಿ ನೋಡಿದರೆ, ಮಳೆಗಾಲದ ಥಂಡಿಗೆ ಹಾಳಾಗದಿರಲೆಂದು ಅತ್ತೆ ರೂಟರನ್ನು ಹಪ್ಪಳದ ತಗಡಿನ ಡಬ್ಬಿಯಲ್ಲಿಟ್ಟು, ವೈರಿಗಷ್ಟೇ ಸಂದಿ ಬಿಟ್ಟು, ಮುಚ್ಚಳ ಹಾಕಿದ್ದರು. ಲೋಹದ ಒಳಗಿಂದ ರೇಡಿಯೋ ಅಲೆ ಹೊರಬರುವುದಿಲ್ಲ ಎಂದರೆ, “ಸಂದೀಲಿ ಬತ್ತಿತ್ತಲ್ಲ ಇಷ್ಟು ದಿನ” ಎಂದರು.

ಲ್ಯಾಪ್‌ಟಾಪಿನದೇ ತಪ್ಪಿರುವುದೂ ಉಂಟು. ಮನೆಯ ಮೊಬೈಲುಗಳಲ್ಲೆಲ್ಲ ನೆಟ್ ಓಡುತ್ತಿದ್ದು, ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲವೆಂದರೆ ರೂಟರಿಗೆ ಬೈದು ಪ್ರಯೋಜನವಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಗೆ ಇಳಿದದ್ದೇ ತಡ, ಜಗಲಿಯಿಂದ ಯಾರಾದರೂ ಎದ್ದ ಕೂಡಲೇ ದೀಪ ಆರಿಸುವ ಅಜ್ಜಿಯಂತೆ, ಅದು ವಿದ್ಯುತ್ ಉಳಿಸಲು ವೈಫೈಯನ್ನೇ ಮಲಗಿಸಿಬಿಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರನ್ನು ಹುಡುಕಿ, ಪವರ್ ಮ್ಯಾನೇಜ್‌ಮೆಂಟಿನ ಕೆಳಗಿರುವ ರೈಟ್ ಗುರುತನ್ನು ತೆಗೆದರೆ ಅನೇಕ ಸಲ ಅಷ್ಟಕ್ಕೇ ಗುಣ. ನೆಟ್‌ವರ್ಕನ್ನು ಒಮ್ಮೆ ಮರೆಯಲು ಹೇಳಿ ಮತ್ತೆ ಪಾಸ್‌ವರ್ಡ್ ಕೊಡುವುದು, ಡ್ರೈವರ್ ಹೊಸದು ಹಾಕುವುದು ಆಮೇಲಿನ ಕಷಾಯಗಳು.

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹೋಗುವ ಪ್ರಮೇಯವೇ ಕಡಿಮೆ. ವೈಫೈ ಗುರುತು ತುಂಬಿಕೊಂಡೇ ಇರುತ್ತದೆ, ನೆಟ್ ಇರುವುದಿಲ್ಲ. ಗುರುತು ಹೇಳುವುದು ರೂಟರಿನಿಂದ ಲ್ಯಾಪ್‌ಟಾಪಿನವರೆಗಿನ ನಾಲ್ಕು ಮಾರಿನ ಕಥೆ; ಕೇಬಲ್ಲು ಬರುವುದು ಅಡಿಕೆ ತೋಟದ ಮೇಲೆ. ಸೋಗೆ ಬಿದ್ದರೂ ಸಾಕು, ಮಂಗ ಜೋತಾಡಿದರೂ ಸಾಕು. ಕಡಿಯಲೇಬೇಕೆಂದಿಲ್ಲ, ಮಡಿಚಿದರೂ ಒಳಗಿನ ಬೆಳಕು ಸೋರಿಹೋಗುತ್ತದೆ. ಆಗ ರೂಟರಿನ ಮೇಲೆ ಕೆಂಪು ದೀಪ. “ತಮಾ, ಕೆಂಪು ಬೈಂದಾ?” ಎಂದು ತೋಟದಿಂದಲೇ ಅಪ್ಪಯ್ಯನ ಕೂಗು. ಬೈಂದು ಎಂದರೆ ಅವರು ಕೊಕ್ಕೆದೋಟಿ ಹಿಡಿದು ಕೇಬಲ್ ಗುಂಟ ನಡೆಯುತ್ತಾರೆ. ಅತ್ತ ಮೀಟಿಂಗಿನಲ್ಲಿ ಮ್ಯಾನೇಜರು ನನ್ನನ್ನು ಹುಡುಕುತ್ತಿರುತ್ತಾರೆ.

ಕಡಿದೇ ಹೋಗಿದ್ದರೆ ಬೈಕಿನಲ್ಲಿ ಕೇಬಲ್ ಹುಡುಗ ಬರುತ್ತಾನೆ. ಕೂದಲಿನಷ್ಟು ಸಣ್ಣ ಎರಡು ಗಾಜಿನ ತುದಿಗಳನ್ನು ಮಷಿನ್ನಿನಲ್ಲಿಟ್ಟು, ಕಿಡಿಯಿಂದ ಕರಗಿಸಿ ಬೆಸೆಯುತ್ತಾನೆ. ದೀಪ ಹಸಿರಾಗುತ್ತದೆ. ಕವಳ ಹಾಕಿ, ಬೆಸೆದ ಜಾಗದ ಫೋಟೋ ಹೊಡೆದು, ಕೈ ಎತ್ತಿ ಮೊಬೈಲನ್ನು ಅಂಗಳದ ತುಂಬ ತಿರುಗಿಸುತ್ತಾನೆ.

“ನಿಮ್ಮ ವೈಫೈ ಪಾಸ್‌ವರ್ಡ್ ಎಂತ ಮಾರಾಯ್ರೇ? ಆಫೀಸಿಗೆ ಫೋಟೋ ಕಳಿಸ್ಬೇಕು. ನಮ್ಮದಕ್ಕೆ ಇಲ್ಲಿ ರೇಂಜಿಲ್ಲ.”