ಒಂದೇ ಮುಹೂರ್ತದ ಮೂರು ಮದುವೆ

ಹೋದ ಮಾಘದಲ್ಲಿ ಒಂದೇ ಭಾನುವಾರ ನನಗೆ ಮೂರು ಮದುವೆ. ಊರಿಗಾಂನಲ್ಲಿ ಒಂದು, ಆಂಡರ್ಸನ್‌ಪೇಟೆಯಲ್ಲಿ ಒಂದು, ಬಂಗಾರಪೇಟೆಯಲ್ಲಿ ಇನ್ನೊಂದು. ಮೂರಕ್ಕೂ ಮುಯ್ಯಿ ಹಾಕಿದೆ, ಉಂಡದ್ದು ಒಂದರಲ್ಲೇ. ಸಂಜೆ ಕೋರಮಂಡಲ್‌ನ ಮನೆ ಜಗಲಿಯಲ್ಲಿ ಬೆಲ್ಟು ಸಡಿಲಿಸಿಕೊಂಡು ಗೊಣಗುತ್ತಿದ್ದರೆ, ಒಳಗೆ ಕಂಪ್ಯೂಟರ್ ಮುಂದಿದ್ದ ತಂಗಿಯ ಮಗ ತಲೆ ಎತ್ತದೆಯೇ, “ಟೈಟನ್‌ಫಾಲ್‌ಗೂ ಹಿಂಗೇ ಆಯ್ತು ಮಾವ” ಅಂದ.

ಅದು ಯಾರ ಮನೆ ಹುಡುಗ ಅಂತ ಕೇಳಿದೆ. ಹುಡುಗನಲ್ಲ, ಗೇಮು. 2016ರ ಅಕ್ಟೋಬರ್ 21ಕ್ಕೆ ‘ಬ್ಯಾಟಲ್‌ಫೀಲ್ಡ್ 1’, 28ಕ್ಕೆ ‘ಟೈಟನ್‌ಫಾಲ್ 2’, ನವೆಂಬರ್ 4ಕ್ಕೆ ‘ಕಾಲ್ ಆಫ್ ಡ್ಯೂಟಿ’. ಮೂರೂ ಬಂದೂಕಿನ ಆಟ. ನಡುವಿನದನ್ನು ವಿಮರ್ಶಕರು ಹಾಡಿ ಹೊಗಳಿದರು, ಕೊಳ್ಳುವವರು ಮಾತ್ರ ನಿರೀಕ್ಷಿಸಿದಷ್ಟು ಬರಲಿಲ್ಲ. ತಮಾಷೆಯೆಂದರೆ ಮೊದಲೆರಡನ್ನೂ ಮಾರಿದ್ದು ಇಎ ಎಂಬ ಒಂದೇ ಕಂಪನಿ. ಅಣ್ಣನ ಬೀಗರೂಟದ ಎಲೆ ಎತ್ತುವ ಮೊದಲೇ ತಮ್ಮನಿಗೆ ಓಲಗ ಊದಿಸಿದ ಹಾಗೆ.

ಗಣಿ ಮುಚ್ಚಿ 2001ರಿಂದ ಪುರುಸೊತ್ತೇ ಪುರುಸೊತ್ತು ಇರುವ ಈ ಊರಲ್ಲಿ ಕೂತು, ಜನಕ್ಕೆ ಹೊತ್ತು ಸಾಲದೆ ಸರಕು ಬಿದ್ದುಹೋಯಿತು ಅನ್ನುವ ಮಾತು ಕೇಳಲು ವಿಚಿತ್ರ. ನಾನೂ ಸುಮ್ಮನಿರಲಿಲ್ಲ. “ನಮ್ಮ ಸಯನೈಡ್ ದಿಬ್ಬದಲ್ಲಿ ಸೆಟ್ ಹಾಕಿ ತೆಗೆದ ಕೆಜಿಎಫ್ ಬಂದದ್ದು 2018ರ ಡಿಸೆಂಬರ್ 21ಕ್ಕೆ. ಅವತ್ತೇ ಶಾರುಖ್ ಖಾನ್‌ನ ‘ಜೀರೋ’, ಧನುಷ್‌ನ ‘ಮಾರಿ 2’. ಯಶ್ ಸೋತನಾ?” ಎರಡನೇ ಭಾಗದ ಹೊತ್ತಿಗಂತೂ, 2022ರ ಏಪ್ರಿಲ್ 14ಕ್ಕೆಂದು ಗೊತ್ತಾಗಿದ್ದ ಆಮಿರ್ ಖಾನ್ ಸಿನಿಮಾನೇ ಆಗಸ್ಟ್‌ಗೆ ಹೋಯಿತು.

“ಸಿನಿಮಾ ಮೂರು ಗಂಟೆ ಮಾವ. ಬೆಳಗ್ಗೆ ಒಂದು, ಸಂಜೆ ಒಂದು ನೋಡಬಹುದು. ಗೇಮು ಐವತ್ತು ಗಂಟೆ ಕೇಳತ್ತೆ, ಮೂರ್ನಾಲ್ಕು ಸಾವಿರ ರೂಪಾಯಿ ಬೇರೆ. ನಾಲ್ಕು ಜನ ಒಟ್ಟಿಗೆ ಆಡೋದಾದ್ರೆ ಫ್ರೆಂಡ್ಸ್ ಯಾವುದು ತಗೊಂಡ್ರೋ ನಾನೂ ಅದೇ.” ಈ ಕೊನೆಯ ಮಾತು ನನಗೆ ನಾಟಿತು. ನಾನು ಊರಿಗಾಂನ ಛತ್ರಕ್ಕೆ ಹೋದದ್ದೂ ಇಸ್ಪೀಟ್ ಜೊತೆಗಾರರೆಲ್ಲ ಅಲ್ಲಿದ್ದರೆಂದೇ. ವಧುವರರ ಮುಖ ಇನ್ನೂ ಸರಿಯಾಗಿ ನೆನಪಿಲ್ಲ.

ಬುದ್ಧಿವಂತರು ದಾರಿ ಬಿಡುತ್ತಾರಂತೆ. 2025ರ ಆಗಸ್ಟ್‌ನಲ್ಲಿ ‘ಸಿಲ್ಕ್‌ಸಾಂಗ್’ ಎಂಬ ಆಟದವರು, ವರ್ಷಗಟ್ಟಲೆ ಕಾಯಿಸಿ, ಸೆಪ್ಟೆಂಬರ್ 4ಕ್ಕೆ ಬಿಡುಗಡೆ ಅಂತ ಎರಡೇ ವಾರ ಮುಂಚೆ ಡಂಗುರ ಹೊಡೆದರು. ಎಷ್ಟೋ ಸಣ್ಣ ಆಟದವರು ಲಗ್ನಪತ್ರಿಕೆ ತಿದ್ದಿ ಮುಂದಕ್ಕೆ ಹಾಕಿಕೊಂಡರು. ಸಾಹುಕಾರರ ಮನೆ ಮದುವೆ ಗೊತ್ತಾದ ಮೇಲೆ ಅಡುಗೆಭಟ್ಟ ಎಲ್ಲಿ ಸಿಗಬೇಕು?

ಹುಡುಗ ಟೈಟನ್‌ಫಾಲ್ ಕೊಂಡದ್ದು ವರ್ಷಗಳ ಮೇಲೆ, ಸೇಲಿನಲ್ಲಿ, ಚಿಲ್ಲರೆ ದುಡ್ಡಿಗೆ. “ಎಂಥಾ ಗೇಮು ಗೊತ್ತಾ!” ಎಂದು ಈಗ ಮರುಗುತ್ತಾನೆ.

ಮಾರನೆಯ ಸಂಜೆ ಅವನನ್ನು ರೈಲು ಹತ್ತಿಸಿಕೊಂಡು ಬಂಗಾರಪೇಟೆಗೆ ಪಾನಿಪೂರಿ ತಿನ್ನಲು ಹೋದೆ. ಗಾಡಿ ಪಕ್ಕ ಗಾಡಿ. ಎರಡರಲ್ಲೂ ಅದೇ ತಿಳಿ ಪಾನಿ, ಕೊಳಾಯಿ ನೀರಿನಷ್ಟು ಬಿಳಿ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಒಂದರ ಸುತ್ತ ಜನವೋ ಜನ, ಇನ್ನೊಂದರವನು ನೊಣ ಓಡಿಸುತ್ತಿದ್ದ. ಹುಡುಗ ನೇರ ಗುಂಪಿಗೆ ನುಗ್ಗಿದ. ನಾನು ಪಕ್ಕದ ಗಾಡಿಯಲ್ಲಿ ಎರಡನೇ ಪ್ಲೇಟು ಮುಗಿಸಿ ನೋಡುತ್ತೇನೆ, ಅವನು ಖಾಲಿ ದೊನ್ನೆ ಹಿಡಿದು ಇನ್ನೂ ಕೈ ಚಾಚಿಕೊಂಡು ನಿಂತಿದ್ದ.