ಶಯನೋಪಕರಣ ಮೀಮಾಂಸೆ: ಥಂಡಿ ಪ್ರಕರಣ

ಯಾವುದೇ ಶಾಸ್ತ್ರಕ್ಕೆ ಕೈಹಾಕುವ ಮೊದಲು ಅದರ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರದ ವಿಷಯ: ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲೂಕುಗಳಲ್ಲಿ ಮಳೆ-ಚಳಿಯ ರಾತ್ರಿ ಮನೆಯ ಹೊರಗೆ ಮಲಗುವವರು ಏನನ್ನು ಹಾಸಿ ಏನನ್ನು ಹೊದೆಯಬೇಕು ಎಂಬುದು. ಪ್ರಯೋಜನ: ಬೆಳಗ್ಗೆ ಏಳುವುದು. ಸಂಬಂಧ: ಮೈಗೂ ಹೊದಿಕೆಗೂ ಇರಬೇಕಾದದ್ದು, ಹೊದಿಕೆಗೂ ಮಳೆಗೂ ಇರಬಾರದ್ದು. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು: ಭಾನುವಾರ ಸಂಜೆ ಮರಳಿಹೋಗಲು ಒಣಗಿದ ಮನೆಯೊಂದು ಉಳ್ಳವನು. ಈ ನಾಲ್ಕನೆಯದನ್ನು ಹಿಂದಿನ ಯಾವ ಗ್ರಂಥಕಾರನೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಎಲ್ಲರೂ ಗೃಹೀತ ಹಿಡಿದೇ ಬರೆದಿದ್ದಾರೆ ಎಂಬುದು ನಮ್ಮ ಪ್ರತಿಜ್ಞೆ. ಗ್ರಂಥಕಾರರೆಂದರೆ ಇಲ್ಲಿ ಚಾರಣದ ಸಾಮಾನು ಮಾರುವವರು, ಹೊರಾಂಗಣ ಬದುಕಿನ ಕುರಿತು ಉಪನ್ಯಾಸ ಕೊಡುವವರು, ಮತ್ತು ಮಲೆನಾಡಿನ ಮಳೆಯ ಅನುಭೂತಿ ಎಂದು ಹೆಸರಿಟ್ಟು ಡೇರೆಗಳನ್ನು ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುವವರು.

ಮೊದಲು ಪೂರ್ವಪಕ್ಷ. ಅವರ ಮತದಲ್ಲಿ ಮಲಗುವುದು ಎಂಬುದು ಸರಳ ಕ್ರಿಯೆಯಲ್ಲ; ಅದು ದೇಹ, ವಸ್ತ್ರ, ಪರಿಸರಗಳ ನಡುವಿನ ಬಹುಸ್ತರೀಯ ಅನುಸಂಧಾನ. ಮಲಗುವ ಚೀಲದೊಳಗಿನ ಗಾಳಿ ಆಂತರಿಕ ಉಷ್ಣಾವಕಾಶ. ಹೊರಗಿನದು ಬಾಹ್ಯ ಶೈತ್ಯಾವರಣ. ಎರಡರ ನಡುವಿನ ಜಿಪ್ಪು ಅಂತರ್ಬಾಹ್ಯಗಳ ಸಂವಾದದ ಗಡಿರೇಖೆ. ನಡುರಾತ್ರಿ ಜಿಪ್ಪು ಬಟ್ಟೆ ಕಚ್ಚಿಕೊಂಡರೆ ಸಂವಾದ ಮುರಿದುಬಿತ್ತೆಂದು ತಿಳಿಯತಕ್ಕದ್ದು. ಈ ದರ್ಶನದ ಸೂತ್ರಗ್ರಂಥ, ಅಂದರೆ ಮಲಗುವ ಚೀಲಗಳ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 23537. ಅದಕ್ಕೂ ಹಿಂದಿನದು ಯುರೋಪಿನ ಇಎನ್ 13537. ಹವಾನಿಯಂತ್ರಿತ ಕೋಣೆಯಲ್ಲಿ, ಬಿಸಿಮಾಡಿದ ಲೋಹದ ಬೊಂಬೆಯೊಂದಕ್ಕೆ ಒಳ ಅಂಗಿ, ಕಾಲುಚೀಲ ತೊಡಿಸಿ, ಚೀಲದೊಳಗೆ ಮಲಗಿಸಿ, ಅದರ ಮೈಬಿಸಿ ಎಷ್ಟು ಸೋರಿತೆಂದು ಅಳೆಯುತ್ತಾರೆ. ಆ ಲೆಕ್ಕದಿಂದ ಇಬ್ಬರು ಮನುಷ್ಯರನ್ನು ಸೃಷ್ಟಿಸುತ್ತಾರೆ: 25 ವರ್ಷ ವಯಸ್ಸಿನ, 60 ಕಿಲೋ ತೂಕದ ಪ್ರಮಾಣಿತ ಮಹಿಳೆ, ಮತ್ತು ಅದೇ ವಯಸ್ಸಿನ, 73 ಕಿಲೋ ತೂಕದ ಪ್ರಮಾಣಿತ ಪುರುಷ. ಆಕೆ ಮೈಚಾಚಿ ನೆಮ್ಮದಿಯಾಗಿ ಮಲಗುವ ಉಷ್ಣತೆ ಹಿತದ ಅಂಕಿ. ಆತ ಮುದುಡಿಕೊಂಡು ಎಚ್ಚರವಾಗದೆ ಎಂಟು ಗಂಟೆ ಕಳೆಯುವುದು ಮಿತಿಯ ಅಂಕಿ. ಆಕೆ ಆರು ಗಂಟೆ ಸಾಯದೆ ಉಳಿಯುವುದು ವಿಪರೀತದ ಅಂಕಿ. ಈ ದಂಪತಿಗಳ ವಿಶೇಷವೆಂದರೆ ಇಬ್ಬರೂ ಒದ್ದೆಯಾಗುವುದಿಲ್ಲ. ಅವರಿಗೆ ಇಂಬಳ ಹತ್ತುವುದಿಲ್ಲ. ಉಚ್ಚೆಗೆ ಏಳಬೇಕಾಗುವುದಿಲ್ಲ. ಇಂಥ ಸಿದ್ಧಪುರುಷರಿಗೆ ಚೀಲವಾದರೂ ಯಾಕೆ ಬೇಕು ಎಂಬುದು ಬೇರೆ ಪ್ರಶ್ನೆ.

ಸೂತ್ರಕ್ಕೆ ಭಾಷ್ಯ ಬರೆಯುವವರು ಇನ್ನೂ ದೊಡ್ಡವರು. ಡೇರೆಯ ಬಟ್ಟೆ 3,000 ಮಿಲಿಮೀಟರಿನದು ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಆಗುಂಬೆಯ ವಾರ್ಷಿಕ ಮಳೆಯೋ ಸರಾಸರಿ 7,000 ಮಿಲಿಮೀಟರು ದಾಟುತ್ತದೆ. ಎರಡೂ ಒಂದೇ ಮಾನದಲ್ಲಿರುವುದರಿಂದ ಗಣಿತ ಸುಲಭ: ಜೂನ್ ಒಂದಕ್ಕೆ ಆಗುಂಬೆಯಲ್ಲಿ ಹೂಡಿದ ಡೇರೆ ಜುಲೈ ಮೂರನೆಯ ವಾರದ ಹೊತ್ತಿಗೆ ತನ್ನ ಪಾಲಿನ ಮಳೆಯನ್ನು ಪೂರ್ತಿ ತಡೆದು ನಿವೃತ್ತಿಯಾಗುತ್ತದೆ, ಅಲ್ಲಿಂದ ಮುಂದಕ್ಕೆ ಎರಡನೆಯ ಡೇರೆ, ದೀಪಾವಳಿಯವರೆಗೆ ಮೂರನೆಯದು. ಬಟ್ಟೆಯ ಮೇಲೆ ಎಷ್ಟೆತ್ತರ ನೀರು ನಿಂತರೆ ಒತ್ತಡಕ್ಕೆ ಜಿನುಗುತ್ತದೆ ಎಂಬ ಅಳತೆಗೂ ವರ್ಷಕ್ಕೆ ಸುರಿಯುವ ಮಳೆಗೂ ಸಂಬಂಧವಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸಾಧುವೇ. ಆದರೆ ಚೀಲಕ್ಕೆ ಕೊಟ್ಟ ಡಿಗ್ರಿಗೂ ಹುಲಿಕಲ್ಲಿನ ಒಂದು ರಾತ್ರಿಗೂ ಇರುವ ಸಂಬಂಧ ಇದಕ್ಕಿಂತ ಗಟ್ಟಿಯೇನಲ್ಲ. ಜುಲೈಯಲ್ಲಿ ಘಟ್ಟದ ಮೇಲೆ ರಾತ್ರಿಯ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಕಿಯನ್ನೇ ನಂಬುವುದಾದರೆ ಒಂದು ಪಂಚೆ ಸಾಕು. ಆದರೂ ಅಲ್ಲಿ ಹಲ್ಲು ಕಟಕಟಿಸುತ್ತದೆ, ಯಾಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿಯನ್ನು ಎಳೆದುಕೊಳ್ಳುತ್ತದೆ. ಮೈಯ ಮೇಲಿನ ಬಟ್ಟೆ ಒಣಗುವುದಿಲ್ಲ, ಹಾಸಿದ್ದು ಒಣಗುವುದಿಲ್ಲ, ಗಾಳಿಯಲ್ಲೇ ನೀರಿರುತ್ತದೆ. ಮಲೆನಾಡಿನವರು ಇದನ್ನು ಚಳಿ ಎನ್ನದೆ ಥಂಡಿ ಎನ್ನುತ್ತಾರೆ. ಇದನ್ನು ಅಳೆಯುವ ಬೊಂಬೆ ಇನ್ನೂ ಹುಟ್ಟಿಲ್ಲ.

ಶಾಸ್ತ್ರವೆಂದ ಮೇಲೆ ವರ್ಗೀಕರಣ ಬೇಕೇ ಬೇಕು. ಆದ್ದರಿಂದ ಶಯನೋಪಕರಣಗಳನ್ನು ಮಳೆ ನಕ್ಷತ್ರಗಳ ಪ್ರಕಾರ ವಿಂಗಡಿಸೋಣ. ಆರಿದ್ರೆಗೆ ಸಂಶ್ಲೇಷಿತ ನಾರಿನ ಚೀಲ, ಯಾಕೆಂದರೆ ಅದು ಒದ್ದೆಯಾದರೂ ಒಂದಿಷ್ಟು ಉಬ್ಬು ಉಳಿಸಿಕೊಳ್ಳುತ್ತದೆ. ಪುನರ್ವಸುವಿಗೆ ಹೆಬ್ಬಾತಿನ ಎದೆಯ ತುಪ್ಪುಳ ತುಂಬಿದ್ದು, ಯಾಕೆಂದರೆ ಅದು ಒದ್ದೆಯಾದರೆ ಗಂಜಿಯಂತೆ ಮುದ್ದೆಯಾಗಿ ಮೂಲೆ ಸೇರುವುದನ್ನು ಕೊಂಡವನು ತನ್ನ ಕಣ್ಣಾರೆ ನೋಡಲಿ. ಪುಷ್ಯಕ್ಕೆ ಎರಡು ಪದರದ ಡೇರೆ. ಒಬ್ಬ ಮನುಷ್ಯ ರಾತ್ರಿಯಿಡೀ ಉಸಿರಿನಲ್ಲೂ ಬೆವರಿನಲ್ಲೂ ಕಾಲು ಲೀಟರಿನಷ್ಟಾದರೂ ನೀರು ಬಿಡುತ್ತಾನೆ, ಹೊರಗೆ ಹೋಗಲು ಅದಕ್ಕೆ ಒಣಗಾಳಿ ಸಿಗದೆ ಒಳಗಿನ ಬಟ್ಟೆಗೇ ಹನಿಗಟ್ಟಿ ಮುಖದ ಮೇಲೆ ಬೀಳುತ್ತದೆ, ಹೀಗೆ ಹೊರಗಿನ ಮಳೆಯನ್ನು ತಡೆದವನಿಗೆ ಸ್ವಂತದ ಮಳೆ ಲಭಿಸುತ್ತದೆ. ಆಶ್ಲೇಷಕ್ಕೆ... ಸಾಕು. ಆರಿದ್ರೆಯಿಂದ ಮಘೆಯವರೆಗೆ ಎಲ್ಲದಕ್ಕೂ ಉತ್ತರ ಒಂದೇ ಆಗಿರುವಾಗ ಕೋಷ್ಟಕ ಹಾಕಿ ಪ್ರಯೋಜನವಿಲ್ಲ.

ಆ ಉತ್ತರ ಕಂಬಳಿ. ಇದೇ ಸಿದ್ಧಾಂತಪಕ್ಷ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಗುಂಡಿಮಗ್ಗದಲ್ಲಿ ನೆಯ್ದು, ನೂಲಿಗೆ ಹುಣಸೆಬೀಜದ ಗಂಜಿ ಬಳಿದು ಗಡುಸು ಮಾಡಿದ ಕರಿ ಕಂಬಳಿ ಒಣನಾಡಿನಲ್ಲಿ ಹುಟ್ಟಿ ಮಳೆನಾಡಿನಲ್ಲಿ ಸವೆಯುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನ ಹತ್ತಿರ ತೇವ ಹೀರಿದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಹೀರುವಾಗ ತಾನೇ ಒಂದಿಷ್ಟು ಬಿಸಿ ಬಿಡುತ್ತದೆ. ಇದು ಭೌತಶಾಸ್ತ್ರವೇ ಒಪ್ಪಿದ ಮಾತು. ಉದ್ದದ ಒಂದು ತುದಿಯ ಎರಡು ಮೂಲೆ ಒಳಕ್ಕೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡರೆ ಮಳೆಯ ಹನಿ ಉಣ್ಣೆಯ ರೋಮದ ತುದಿಯಲ್ಲಿ ಮಣಿಮಣಿಯಾಗಿ ನಿಂತು, ಬೆನ್ನಿನ ಇಳಿಜಾರು ಹಿಡಿದು ಜಾರಿ, ಮೊಣಕಾಲಿನ ಕೆಳಗೆ ಅಂಚಿನಿಂದ ತೊಟ್ಟಿಕ್ಕುತ್ತದೆ. ಒಳಗಿನವನ ಅಂಗಿಗೆ ಬರೀ ಕುರಿಯ ವಾಸನೆ ತಾಗುತ್ತದೆ. ಗದ್ದೆಯಲ್ಲಿ ಕೊಪ್ಪೆ, ರಾತ್ರಿ ಹೊದಿಕೆ, ನೆಂಟರು ಬಂದರೆ ಜಗುಲಿಯ ಹಾಸು. ಮೂರು ಅವತಾರಕ್ಕೆ ಮೂರು ಬಿಲ್ಲು ಇಲ್ಲದಿರುವುದೇ ಅದರ ಮೇಲೆ ಶಾಸ್ತ್ರ ಹುಟ್ಟದಿರಲು ಕಾರಣ.

ಆಕ್ಷೇಪ: ಕಂಬಳಿ ಎರಡು ಮೂರು ಕಿಲೋ ಭಾರ, ಚೀಲ ಒಂದೇ ಕಿಲೋ, ಕಂಬಳಿ ಚುಚ್ಚುತ್ತದೆ, ಚೀಲ ಚುಚ್ಚುವುದಿಲ್ಲ, ಪೂರ್ತಿ ನೆನೆದ ಕಂಬಳಿ ದಿನಗಟ್ಟಲೆ ಒಣಗುವುದಿಲ್ಲ, ನಾರಿನ ಚೀಲ ಬೇಗ ಒಣಗುತ್ತದೆ. ಮೊದಲೆರಡನ್ನು ಮರುಮಾತಿಲ್ಲದೆ ಒಪ್ಪುತ್ತೇವೆ. ಮೂರನೆಯದು ನಿಜಕ್ಕೂ ಬಲವಾದ ಆಕ್ಷೇಪ, ಮತ್ತು ಕಂಬಳಿಯ ಮೇಲೆ ಕವಿತೆ ಕಟ್ಟುವವರು ಮುಚ್ಚಿಡುವುದೂ ಅದನ್ನೇ. ಬೆಂಕಿಯಿಲ್ಲದ ಕಡೆ ಕಂಬಳಿ ಬೂಷ್ಟು ಹಿಡಿದು ನಾರುತ್ತದೆ. ಮಲೆನಾಡಿನ ಮನೆಯಲ್ಲಿ ಅದನ್ನು ಕಾಪಾಡುವುದು ಮಳೆಗಾಲ ಪೂರ್ತಿ ಆರದ ಬಚ್ಚಲೊಲೆ, ಅದರ ಮೇಲಿನ ಹಗ್ಗ, ಹೊಗೆ. ಗದ್ದೆಯ ಮಾಳದಲ್ಲೂ ಹಾಗೆಯೇ. ಆಶ್ವಯುಜ-ಕಾರ್ತಿಕದಲ್ಲಿ ಭತ್ತ ತೆನೆ ಕಟ್ಟುವಾಗ ಹಂದಿ ಕಾಯಲು ಮಲಗುವವರ ಮಾಳ ನೆಲದಿಂದ ಮೇಲಿರುತ್ತದೆ, ಮೇಲೆ ಹುಲ್ಲಿನದೋ ಸೋಗೆಯದೋ ಮಾಡು, ಕೆಳಗೆ ಅಡಿಕೆ ದಬ್ಬೆಯ ಹಾಸು, ಅದರ ಮೇಲೆ ಒಣಹುಲ್ಲು, ಪಕ್ಕದಲ್ಲಿ ದಪ್ಪ ಕೊರಡೊಂದು ಬೆಳಗಿನವರೆಗೆ ಹೊಗೆಯಾಡುತ್ತಿರುತ್ತದೆ. ನೆಲದ ಥಂಡಿ ಬೆನ್ನಿಗೆ ತಾಗದು, ಇಬ್ಬನಿ ಮುಖಕ್ಕೆ ಬೀಳದು, ಹೊಗೆಗೆ ಸೊಳ್ಳೆ ಬರದು. ಅಂದರೆ ಥಂಡಿಯಲ್ಲಿ ಮನುಷ್ಯನನ್ನು ಉಳಿಸುವುದು ಎತ್ತರ, ಮಾಡು, ಬೆಂಕಿ, ಉಣ್ಣೆ ನಾಲ್ಕೂ ಸೇರಿದ ಏರ್ಪಾಡು. ಪೂರ್ವಪಕ್ಷದವರು ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಬದಲಿ ವಸ್ತು ಮಾರುತ್ತಾರೆ. ಕಂಬಳಿಭಕ್ತರೂ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ಆರತಿ ಎತ್ತುತ್ತಾರೆ. ಆರತಿ ಎತ್ತುವವರ ಮನೆಯಲ್ಲಿರುವುದು ಪಾಣಿಪತ್‌ನಿಂದ ಬಂದ, ಹುಲಿಯದೋ ಗುಲಾಬಿಯದೋ ಚಿತ್ರವುಳ್ಳ ಮೆತ್ತನೆಯ ಹೊದಿಕೆ. ಅತ್ತ ದಖ್ಖನಿ ಉಣ್ಣೆಗೆ ಕುರಿಯ ತುಪ್ಪಟ ಕತ್ತರಿಸಿದ ಕೂಲಿಯೂ ಹುಟ್ಟದೆ ಕುರಿಗಾಹಿಗಳು ಅದನ್ನು ಎಸೆಯುವಂತಾಗಿದೆ.

ಇನ್ನೊಂದು ಆಕ್ಷೇಪ: ಮಳೆಗಾಲ ಬೇಡ, ಜನವರಿಯ ಕೊಡಚಾದ್ರಿಗೆ ಹೋಗುತ್ತೇವೆ, 1,343 ಮೀಟರು ಎತ್ತರದ ಗಾಳಿಗೆ ಚೀಲ ಬೇಕಲ್ಲವೇ? ಬೇಕು, ಕೊಂಡುಕೊಳ್ಳಿ. ಆದರೆ ಡಿಸೆಂಬರಿನಿಂದ ಮೇವರೆಗೆ ಈ ಕಾಡಿನ ತರಗೆಲೆಯಲ್ಲಿ ಉಣುಗು ಇರುತ್ತದೆ ಎಂಬುದನ್ನು ಯಾವ ಚೀಲದ ಚೀಟಿಯೂ ಹೇಳುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡಿನ ಜನ ಆ ಕಾಯಿಲೆಯಿಂದ ಸತ್ತರು. ಸತ್ತವರು ಚಾರಣಕ್ಕೆ ಹೋದವರಲ್ಲ. ತರಗು ಗುಡಿಸಲು, ಸೌದೆ ತರಲು, ದನ ಹುಡುಕಲು ಕಾಡಿಗೆ ಹೋಗಲೇಬೇಕಾದವರು. ಅವರಿಗೆ ಸಿಕ್ಕ ರಕ್ಷಣಾ ಸಾಮಗ್ರಿ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಾಟಲಿ ಮತ್ತು ಒಂದು ಲಸಿಕೆ. ಆ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಕೆಲವೇ ವರ್ಷಗಳಲ್ಲಿ ಅದನ್ನೂ ನಿಲ್ಲಿಸಲಾಯಿತು. ತುಪ್ಪುಳದ ಗುಣಮಟ್ಟವನ್ನು ಒಂದು ಔನ್ಸಿಗೆ ಎಷ್ಟು ಘನ ಇಂಚು ಉಬ್ಬುತ್ತದೆ ಎಂಬವರೆಗೆ ಅಳೆದ ಮನುಷ್ಯಕುಲ ಈ ಕಾಯಿಲೆಗೆ ಇದುವರೆಗೂ ನಿರ್ದಿಷ್ಟ ಔಷಧಿ ಕೊಟ್ಟಿಲ್ಲ. ಇಲ್ಲಿ ಹಾಸ್ಯ ಮಾಡುವುದು ಹೇಗೆಂದು ಈ ಶಾಸ್ತ್ರಕ್ಕೆ ತಿಳಿಯುತ್ತಿಲ್ಲ.

ಹಾಸ್ಯ ನಿಂತಿತಾದ್ದರಿಂದ ಇನ್ನೊಂದು ಮಾತನ್ನೂ ಹೇಳಿಬಿಡಬಹುದು. ಈ ಮೂರು ತಾಲೂಕುಗಳಲ್ಲಿ ಮನೆಯ ಹೊರಗೆ, ಮಳೆಯಲ್ಲಿ, ಅತಿ ಹೆಚ್ಚು ಕಾಲ ಮಲಗಿದವರು ಯಾರು ಎಂದು ಕೇಳಿದರೆ ಚರಿತ್ರೆಯಲ್ಲಿ ಸ್ಪಷ್ಟ ಉತ್ತರವಿದೆ. ಮೊದಲು ಹಿರೇಭಾಸ್ಕರದ ಅಣೆಕಟ್ಟಿಗೆ, ಆಮೇಲೆ 1964ರಲ್ಲಿ ಮುಗಿದು ಆ ಅಣೆಕಟ್ಟನ್ನೇ ನುಂಗಿದ ಲಿಂಗನಮಕ್ಕಿಗೆ, ಮುಂದೆ ಹೊಸನಗರದಲ್ಲಿ ಚಕ್ರಾ, ಸಾವೇಹಕ್ಲು, ವಾರಾಹಿಯ ಮಾಣಿ ಅಣೆಕಟ್ಟುಗಳಿಗೆ ಮನೆ, ತೋಟ, ಗದ್ದೆ ಕೊಟ್ಟವರು. ಶರಾವತಿ ಕಣಿವೆಯಿಂದ ಲಾರಿಗಳಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದಾಗ ಅವರ ಹಿತದ ಅಂಕಿ ಯಾವುದು, ಮಿತಿಯ ಅಂಕಿ ಯಾವುದು ಎಂದು ಯಾರೂ ಅಳೆಯಲಿಲ್ಲ. ಮರದಡಿ ಪಾತ್ರೆಪಗಡ ಪೇರಿಸಿ, ಸೋಗೆ ಹೊದೆಸಿದ ಬಿಡಾರದಲ್ಲಿ ಮಕ್ಕಳನ್ನು ನಡುವೆ ಹಾಕಿಕೊಂಡು ಮಲಗಿದವರಿಗೆ ಮರಳಿಹೋಗಲು ಊರೇ ಇರಲಿಲ್ಲ. ಅದು ನೀರಿನಡಿ ಇತ್ತು. ಅವರು ಬಿಟ್ಟುಕೊಟ್ಟ ನದಿಯಿಂದ ರಾಜ್ಯಕ್ಕೆ ಬೆಳಕಾಯಿತು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಮೂರನೆಯ ತಲೆಮಾರು ಬಂದರೂ ಹಕ್ಕುಪತ್ರವಿಲ್ಲ, ಯಾಕೆಂದರೆ ಕಾಗದದಲ್ಲಿ ಆ ನೆಲ ಇನ್ನೂ ಅರಣ್ಯ. ಅದೇ ಹಿನ್ನೀರಿನ ದಂಡೆಯಲ್ಲಿ ಎರಡು ರಾತ್ರಿ ಡೇರೆ ಹಾಕಿದವನು ಪ್ರಕೃತಿಪ್ರಿಯ; ಅರವತ್ತು ವರ್ಷ ಬಿಡಾರ ಹಾಕಿದವನು ಒತ್ತುವರಿದಾರ.

ಕಡೆಯ ಆಕ್ಷೇಪ ಹೀಗಿರಬಹುದು: ಅವರು ಮಲಗಿದ್ದು ನಿರ್ವಾಹವಿಲ್ಲದೆ, ನಮ್ಮದು ಇಚ್ಛಾಪೂರ್ವಕ ಶಯನ, ಆದ್ದರಿಂದ ಅವರು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಮೈಗೆ ತಾಗುವ ಥಂಡಿ ಇಚ್ಛೆಯನ್ನು ವಿಚಾರಿಸಿ ತಾಗುವುದಿಲ್ಲ. ವ್ಯಾಪ್ತಿ ನಿರ್ಣಯಿಸುವುದೇ ಆದರೆ ಮೂಲಗ್ರಂಥವನ್ನೇ ತಿದ್ದುವುದು ಮೇಲು. ಐಎಸ್‌ಒ 23537ರ ಮುಂದಿನ ಪರಿಷ್ಕರಣೆಗೆ ನಮ್ಮ ಕಡೆಯಿಂದ ಒಂದೇ ತಿದ್ದುಪಡಿ: ಪ್ರಮಾಣಿತ ಮಹಿಳೆಯ ವಯಸ್ಸು, ತೂಕಗಳ ಕೆಳಗೆ ಆಕೆ ಮಲಗಿರುವ ನೆಲದ ಸರ್ವೆ ನಂಬರನ್ನೂ ಅದರ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನೂ ನಮೂದಿಸತಕ್ಕದ್ದು.