ಬರೀ ಮಾಡರೇಟು

ನನ್ನ ಸೋದರಳಿಯನ ಪ್ರಕಾರ ಪಶ್ಚಿಮ ಘಟ್ಟದಲ್ಲಿ ಇರುವುದು ಮೂರೇ ಜಾತಿಯ ಬೆಟ್ಟಗಳು: ಈಜಿ, ಮಾಡರೇಟ್, ಡಿಫಿಕಲ್ಟ್. ಅವನ ಮೊಬೈಲಿನಲ್ಲಿ ಒಂದೊಂದು ಬೆಟ್ಟದ ಹೆಸರಿನ ಮುಂದೂ ಹಸಿರು, ಹಳದಿ ಇಲ್ಲವೇ ಕೆಂಪು ಬೊಟ್ಟು ಇಟ್ಟಿರುತ್ತದೆ. ಹೆಣ್ಣು ನೋಡಲು ಹೊರಟವರು ಜಾತಕ ತಿರುವಿ ಹಾಕುವ ಹಾಗೆ ಅವನು ಆ ಬೊಟ್ಟುಗಳನ್ನು ತಿರುವಿ ಹಾಕಿ, “ಮಾವಾ, ಇದು ಬರೀ ಮಾಡರೇಟು. ನೀವು ಧಾರಾಳವಾಗಿ ಹತ್ತಬಹುದು” ಎಂದು ತೀರ್ಪು ಕೊಡುತ್ತಾನೆ. ಜಾತಕ ಕೂಡಿಬಂದ ಮಾತ್ರಕ್ಕೆ ಸಂಸಾರ ಸಲೀಸಾಗಿ ಸಾಗುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರಿಗಿನ್ನೂ ಮದುವೆಯಾಗಿಲ್ಲ ಎಂದೇ ಅರ್ಥ. ಹುಡುಗನಿಗೆ ಇನ್ನೂ ಮೂವತ್ತು ತುಂಬಿಲ್ಲ. ನನಗೆ ಐವತ್ತು ದಾಟಿ, ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿದೆ. ಬೊಟ್ಟಿಟ್ಟವರು ನಮ್ಮಿಬ್ಬರಲ್ಲಿ ಯಾರ ಮಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಕೇಳಿದರೆ ಅವನು ನಕ್ಕು ಸುಮ್ಮನಾಗುತ್ತಾನೆ.

ಹಸಿರು ಬೊಟ್ಟಿನ ಮುಳ್ಳಯ್ಯನಗಿರಿಯನ್ನೇ ತೆಗೆದುಕೊಳ್ಳಿ. ಸುಮಾರು 1,930 ಮೀಟರ್ ಎತ್ತರ, ಇಡೀ ಕರ್ನಾಟಕಕ್ಕೇ ದೊಡ್ಡಣ್ಣ. ಆದರೆ ಚಿಕ್ಕಮಗಳೂರಿನಿಂದ ಹೊರಟ ವಾಹನ ಅವನ ಭುಜದ ತನಕ ಹೋಗಿ ಬಿಡುತ್ತದೆ. ಉಳಿದದ್ದು ಕೆಲವು ನೂರು ಮೆಟ್ಟಿಲು, ತುದಿಯಲ್ಲಿ ಒಂದು ಗುಡಿ. ರೇಷ್ಮೆ ಸೀರೆಯುಟ್ಟವರು, ಕಂಕುಳಲ್ಲಿ ಮಗು ಇರುವವರು, ಹೈಹೀಲ್ಡ್ ತೊಟ್ಟವರು ಎಲ್ಲರೂ ಹತ್ತುತ್ತಾರೆ. ಅದೇ ಬೆಟ್ಟಕ್ಕೆ ಇನ್ನೊಂದು ದಾರಿಯೂ ಉಂಟು, ಸರ್ಪದಾರಿ. ಕೆಳಗಿನಿಂದಲೇ ಹುಲ್ಲಿನ ಏಣಿನ ಮೇಲೆ ಹೊರಳಿ ಹೊರಳಿ ಏರುವ ಕಾಲುದಾರಿ. ಗಾಳಿ ಬೀಸತೊಡಗಿದರೆ ಟೋಪಿ ಯಾರದು, ತಲೆ ಯಾರದು ಎಂದು ಕೇಳುವ ಹಾಗಿಲ್ಲ. ನಾನು ಆ ದಾರಿಯಲ್ಲಿ ನಾಲ್ಕು ಕಾಲೂ ಬಳಸಿ ಮೇಲೆ ಬಂದು ನಿಂತಾಗ, ಬಾಚಿದ ತಲೆಗೂದಲು ಇನ್ನೂ ಕದಲದ ಒಬ್ಬ ಹೆಂಗಸು ಚುರುಮುರಿ ತಿನ್ನುತ್ತ ನನ್ನನ್ನು ಕನಿಕರದಿಂದ ನೋಡಿ, “ಅಯ್ಯೋ ಪಾಪ, ಮೆಟ್ಟಿಲು ಈ ಕಡೆ ಇತ್ತಲ್ಲ ಅಣ್ಣಾ, ಯಾರೂ ಹೇಳಲಿಲ್ವಾ?” ಎಂದಳು. ಒಂದೇ ಬೆಟ್ಟ. ಒಂದು ಕಡೆಯಿಂದ ಹಸಿರು, ಇನ್ನೊಂದು ಕಡೆಯಿಂದ ಹಸಿರಲ್ಲ.

ಕೊಡಚಾದ್ರಿಯದು ಇನ್ನೂ ತಮಾಷೆ. 1,343 ಮೀಟರ್, ಶಂಕರಾಚಾರ್ಯರ ಹೆಸರಿನ ಜೊತೆ ಸೇರಿಕೊಂಡ ಸರ್ವಜ್ಞಪೀಠದ ಪುಟ್ಟ ಕಲ್ಲಿನ ಗುಡಿ ಅಲ್ಲಿದೆ. ಹಿಡ್ಲುಮನೆ ಜಲಪಾತದ ಮಗ್ಗುಲಲ್ಲೇ ಬಂಡೆ ಹಿಡಿದು ಹತ್ತುವವರನ್ನು ಜನ ಸಾಹಸಿಗರು ಅನ್ನುತ್ತಾರೆ; ಜೀಪು ಹತ್ತಿದವರನ್ನು ಸುಖಪುರುಷರು ಅನ್ನುತ್ತಾರೆ. ನಾನು ಎರಡನೆಯ ಗುಂಪಿನಲ್ಲಿ ಸೇರಿ ನೋಡಿದ್ದೇನೆ. ಆ ರಸ್ತೆಯನ್ನು ರಸ್ತೆ ಅನ್ನುವುದು ದೊಡ್ಡ ಮನಸ್ಸಿನ ಮಾತು. ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಹಿಂದಕ್ಕೆ ತಿರುಗಿ ನಮ್ಮ ಊರು ಕೇರಿ ವಿಚಾರಿಸುತ್ತಿದ್ದ. ನಾನು ಉತ್ತರಿಸಲು ಬಾಯಿ ತೆರೆದಾಗಲೆಲ್ಲ ಗುಂಡಿ ಬಂದು ನಾಲಿಗೆ ಹಲ್ಲಿಗೆ ಸಿಕ್ಕುತ್ತಿತ್ತು. ನಡೆದು ಬಂದವರು ಮೇಲೆ ಆರಾಮಾಗಿ ಕೂತು ಸೂರ್ಯಾಸ್ತಕ್ಕೆ ಜಾಗ ಹಿಡಿದಿದ್ದರೆ, ಸುಖಪುರುಷರಾದ ನಾವು ಸೊಂಟ ಹಿಡಿದುಕೊಂಡಿದ್ದೆವು. ಜೀಪಿಗೆ ಯಾವ ಬಣ್ಣದ ಬೊಟ್ಟು ಎಂದು ಮೊಬೈಲಿನಲ್ಲಿ ಹಾಕಿಲ್ಲ.

ಇನ್ನು ಕೆಂಪು ಬೊಟ್ಟಿನ ಕುಮಾರಪರ್ವತ. 1,712 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರಿನಷ್ಟು ಗಿಡ್ಡ. ಆದರೂ ಕೆಂಪು. ಬೆಟ್ಟದ ಎತ್ತರ ಎಷ್ಟಾದರೂ ಇರಲಿ, ನಾವು ಮೊದಲ ಹೆಜ್ಜೆ ಇಡುವುದು ಎಲ್ಲಿಂದ ಅನ್ನುವುದೇ ಲೆಕ್ಕ. ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಬುಡದ ಊರು. ಅಲ್ಲಿಂದ ಹೊರಟರೆ ಸುಮಾರು 1,600 ಮೀಟರು ಅಷ್ಟೂ ನಮ್ಮ ತೊಡೆಯ ಖರ್ಚಿನಲ್ಲೇ ಆಗಬೇಕು. ವಾಹನದ ಪಾಲು ಸೊನ್ನೆ. ಸೋಮವಾರಪೇಟೆಯ ಕಡೆಯಿಂದ ಹೋದರೆ ಊರೇ ಎತ್ತರದಲ್ಲಿರುವುದರಿಂದ ದಾರಿಯೂ ಏರೂ ಎರಡೂ ಕಡಿಮೆ. ಅಳಿಯ ಆ ಕಡೆಯಿಂದ ಹೋಗಲು ಒಪ್ಪಲಿಲ್ಲ. ಸುಬ್ಬಪ್ಪನ ದರ್ಶನ ಮಾಡಿಕೊಂಡೇ ಹತ್ತಬೇಕಂತೆ. ಅವನಿಗೆ ಭಕ್ತಿ ಬರುವುದು ನನ್ನ ಮಂಡಿಯ ಪ್ರಶ್ನೆ ಬಂದಾಗ ಮಾತ್ರ.

ಹತ್ತುವ ಮೊದಲೇ ಒಂದು ಏರು ಇದೆ, ಟಿಕೆಟ್ಟಿನದು. 2024ರ ಜನವರಿಯಲ್ಲಿ ಸಾಲು ರಜೆ ಬಂದು, ಕುಮಾರಪರ್ವತದ ಕಾಲುದಾರಿಯಲ್ಲಿ ತಿರುಪತಿಯ ಕ್ಯೂ ನಿಂತು, ಆ ಚಿತ್ರ ಊರೆಲ್ಲ ಹರಿದಾಡಿತು. ಅರಣ್ಯ ಇಲಾಖೆ ಕೆಲವು ಕಾಲ ಚಾರಣವನ್ನೇ ನಿಲ್ಲಿಸಿ, ಆಮೇಲೆ ಎಲ್ಲ ಬುಕಿಂಗನ್ನೂ ಆನ್‌ಲೈನಿಗೆ ತಂದು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿತು. ಒಳ್ಳೆಯದೇ ಆಯಿತು. ಬೆಟ್ಟದ ಮೇಲೆ ಮುಂದಿನವನ ಬ್ಯಾಗು ನೋಡಿಕೊಂಡೇ ನಡೆಯುವುದಾದರೆ ಮೆಜೆಸ್ಟಿಕ್ಕಿನಲ್ಲೇ ನಡೆಯಬಹುದಲ್ಲ.

ಮೊದಲ ಐದಾರು ಕಿಲೋಮೀಟರು ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ಬೆವರೇ ಸ್ನಾನ. ನನ್ನ ಎಡಗಾಲಿನ ಶೂ ಬಾಯಿ ತೆರೆದದ್ದು ಅಲ್ಲೇ. ಮೊದಲು ಪಟ್ ಪಟ್ ಎಂದು ಸದ್ದು. ಹಿಂದೆ ಯಾರೋ ಬರುತ್ತಿದ್ದಾರೆಂದು ದಾರಿ ಬಿಟ್ಟು ನಿಂತೆ. ಯಾರೂ ಇಲ್ಲ. ನಡೆದರೆ ಮತ್ತೆ ಪಟ್ ಪಟ್. ನೋಡಿದರೆ ಅಟ್ಟೆ ಮುಂಭಾಗದಲ್ಲಿ ಕಿತ್ತು ನೇತಾಡುತ್ತಿದೆ, ಒಳಗಿನ ಮೆತ್ತೆ ಗೋಧಿ ಹಿಟ್ಟಾಗಿ ಉದುರುತ್ತಿದೆ. ಹೆಚ್ಚು ಹಾಕದೆ, ಪೇಪರು ಸುತ್ತಿ ಅಟ್ಟದ ಮೇಲೆ ಜೋಪಾನವಾಗಿಟ್ಟ ಶೂ ಅದು. ಅಳಿಯ ವಿವರಿಸಿದ: ಅಟ್ಟೆಯ ನಡುವೆ ಇರುವ ಪಾಲಿಯುರೆಥೇನ್ ಮೆತ್ತೆ ಗಾಳಿಯ ತೇವ ಹೀರಿ ವರ್ಷಾನುಗಟ್ಟಲೆ ಒಳಗೊಳಗೇ ಮುರಿಯುತ್ತದಂತೆ, ಹಾಕಿ ತಿರುಗಿದ್ದಕ್ಕಿಂತ ಹಾಕದೆ ಇಟ್ಟದ್ದು ಬೇಗ ಕೈಕೊಡುತ್ತದಂತೆ. ಇಷ್ಟು ಒಳ್ಳೆಯ ಜ್ಞಾನ ಬೆಂಗಳೂರಿನಲ್ಲೇ ಸಿಕ್ಕಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ.

ಎದುರಿಗೆ ಕೆಳಗಿಳಿಯುತ್ತಿದ್ದ ಊರಿನವರೊಬ್ಬರು ನಿಂತು ನೋಡಿದರು. ಮಡಚಿ ಕಟ್ಟಿದ ಲುಂಗಿ, ಹೆಗಲಲ್ಲಿ ಖಾಲಿ ಚೀಲ, ಕಾಲಲ್ಲಿ ಹವಾಯಿ ಚಪ್ಪಲಿ. “ಎಂತ ಮಾರಾಯ್ರೆ, ಶೂ ಹಸಿದು ಬಾಯಿ ಬಿಟ್ಟಿದೆಯಾ?” ಎಂದವರೇ ಚೀಲದ ಬಾಯಿಗೆ ಕಟ್ಟಿದ್ದ ಸ್ಕೂಟರ್ ಟ್ಯೂಬಿನ ಪಟ್ಟಿ ಬಿಚ್ಚಿ, ನನ್ನ ಕಾಲನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು, ಅಟ್ಟೆಯ ಅಡಿಯಿಂದ ಎರಡು ಸುತ್ತು ತಂದು, ಮೇಲೆ ಎಳೆದು ಗಂಟು ಹಾಕಿದರು. ರಬ್ಬರು ಕಚ್ಚಿಕೊಂಡಿತು. “ಇನ್ನು ಕಾಲು ಬಿದ್ದರೂ ಶೂ ಬೀಳ್ಲಿಕ್ಕಿಲ್ಲ” ಎಂದರು. ಭಟ್ಟರ ಮನೆ ಇನ್ನೆಷ್ಟು ದೂರ ಎಂದೆ. “ಅದಾ? ಇಲ್ಲೇ ಉಂಟಲ್ಲ” ಎಂದು ಹೊರಟರು. ಆ ‘ಇಲ್ಲೇ’ಯನ್ನು ನಾವು ಮುಕ್ಕಾಲು ಗಂಟೆ ನಡೆದೆವು. ಅವರ ದಿನಚರಿಯ ದಾರಿಗೆ ಬೊಟ್ಟು ಗಿಟ್ಟು ಏನೂ ಇಲ್ಲ.

ಭಟ್ಟರ ಮನೆ ಅನ್ನುವುದು ಚಾರಣಿಗರ ನಕ್ಷೆಯಲ್ಲಿ ಊರಿನ ಹೆಸರೇ ಆಗಿಬಿಟ್ಟಿದೆ. ಕಾಡು ಮುಗಿದು ಗುಡ್ಡ ತೆರೆದುಕೊಳ್ಳುವ ಜಾಗದಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಅದೇ ಸಾಂಬಾರು ಮನೆಯಲ್ಲಿ ಬಡಿಸಿದರೆ ಉಪ್ಪು ಕಡಿಮೆ, ಹುಳಿ ಜಾಸ್ತಿ ಎನ್ನುವ ನಾನು ಅಲ್ಲಿ ತಟ್ಟೆ ನೆಕ್ಕುವುದೊಂದು ಬಾಕಿ. ಅಲ್ಲಿಂದ ಮುಂದೆ ಮರವೂ ಇಲ್ಲ, ನೆರಳೂ ಇಲ್ಲ. ಬರೀ ಹುಲ್ಲು, ಬಿಸಿಲು, ಕಲ್ಲುಮಂಟಪ. ಆಮೇಲೆ ಶೇಷಪರ್ವತ. ಅದರ ನೆತ್ತಿಗೆ ಬಂದು “ಗೆದ್ದೆ!” ಎಂದು ಕೈ ಎತ್ತಿದಾಗ ಅಳಿಯ ಆಚೆ ಬೆರಳು ತೋರಿಸಿದ. ಕುಮಾರಪರ್ವತ ಇನ್ನೂ ಮುಂದಿತ್ತು. ಮೊದಲು ಶೋಲಾ ಕಾಡಿಗೆ ಇಳಿಯಬೇಕು, ಕಷ್ಟಪಟ್ಟು ಗಳಿಸಿದ ಎತ್ತರವನ್ನು ವಾಪಸು ಕೊಡಬೇಕು, ಆಮೇಲೆ ಬಂಡೆ ಹತ್ತಿ ಮತ್ತೆ ಗಳಿಸಬೇಕು. ಬಡ್ಡಿ ವ್ಯವಹಾರ ಮಾಡುವವರಿಗೆ ಇದು ಚೆನ್ನಾಗಿ ಅರ್ಥವಾದೀತು.

1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಬರೆದಿಟ್ಟಿದ್ದಾನೆ. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹದಿಮೂರು ಕಿಲೋಮೀಟರಿಗೂ 1,600 ಮೀಟರಿಗೂ ಸೇರಿಸಿ ಅಳಿಯ ಲೆಕ್ಕ ಹಾಕಿದರೆ ಐದು ಕಾಲು ಗಂಟೆ ಬಂತು. ಆ ಹೊತ್ತಿಗೆ ನಾನು ಭಟ್ಟರ ಮನೆಯ ಜಗಲಿಯಿಂದ ಎದ್ದು ಹೆಚ್ಚು ದೂರವೇನೂ ಬಂದಿರಲಿಲ್ಲ. ನೈಸ್ಮಿತ್ ಪುಣ್ಯಾತ್ಮನಿಗೆ ಊಟವಾದ ಮೇಲೆ ಎಲೆಯಡಿಕೆ ಹಾಕುವ ಅಭ್ಯಾಸ ಇರಲಿಲ್ಲವೆಂದು ಕಾಣುತ್ತದೆ.

ಅವನ ಸೂತ್ರದಲ್ಲಿ ಇಳಿಯುವುದಕ್ಕೆ ಲೆಕ್ಕವೇ ಇಲ್ಲ. ಆಮೇಲೆ ಬಂದ ಲ್ಯಾಂಗ್ಮುಯಿರ್ ಎಂಬಾತ ಕಡಿದಾದ ಇಳಿಜಾರಿನ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಕೂಡಿಸಿ ಎಂದ. ಅವನಿಗೆ ಮಂಡಿ ಇತ್ತು. ಹತ್ತುವಾಗ ಉಬ್ಬಸ ಬರುತ್ತದೆ, ಎರಡು ನಿಮಿಷ ನಿಂತರೆ ಹೋಗುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಭಾರ ತಡೆದುಕೊಂಡೇ ಉದ್ದಕ್ಕೆ ಹಿಗ್ಗಬೇಕು. ಅದರ ನಾರಿನಲ್ಲಿ ಸಣ್ಣ ಸಣ್ಣ ಗಾಯವಾಗಿ ನೋವು ಮಾರನೆಯ ದಿನ ಶುರುವಾಗುತ್ತದೆ, ಅದರ ಮಾರನೆಯ ದಿನ ಏರುತ್ತದೆ. ಭಾನುವಾರ ರಾತ್ರಿ ಬಸ್ಸಿನಲ್ಲಿ ವೀರನಾಗಿ ಬಂದವನು ಸೋಮವಾರ ಬೆಳಿಗ್ಗೆ ಬಚ್ಚಲಿನಲ್ಲಿ ಕೂತರೆ ಏಳಲಾರ. ನಾನು ನಲ್ಲಿ ಹಿಡಿದು ಎದ್ದೆ, ನಲ್ಲಿ ನನ್ನ ಕೈಗೇ ಬಂತು. ಕುಮಾರಪರ್ವತದ ನಿಜವಾದ ಖರ್ಚಿನಲ್ಲಿ ಪ್ಲಂಬರನ ಬಿಲ್ಲೂ ಸೇರಿದೆ.

ಹಳದಿ ಬೊಟ್ಟಿನ ಕುದುರೆಮುಖ ನನಗೆ ಒಗ್ಗಿತು. 1,890 ಮೀಟರಿಗೂ ಮಿಕ್ಕ ಶಿಖರವಾದರೂ ಮುಳ್ಳೋಡಿಯಿಂದ ಹೊರಡುವ ದಾರಿ ಉದ್ದ, ಏರು ನಿಧಾನ. ಹಳ್ಳ, ಶೋಲಾ, ಹುಲ್ಲುಗಾವಲು, ಮತ್ತೆ ಹಳ್ಳ. ಕಬ್ಬಿಣದ ಅದಿರಿಗಾಗಿ ಬಗೆದ ಗುಡ್ಡಗಳೂ ಇದೇ ಸೀಮೆಯವು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇಲ್ಲಿ ಕಷ್ಟ ಕೊಡುವುದು ಬೆಟ್ಟವಲ್ಲ, ಇಂಬಳ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟದ್ದೂ ಗೊತ್ತಾಗುವುದಿಲ್ಲ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಇರುವುದರಿಂದ ಅದು ಉಂಡು ಹೋದ ಮೇಲೂ ಕಾಲುಚೀಲ ಕೆಂಪಗಾಗುತ್ತ ಇರುತ್ತದೆ. ಅಳಿಯನ ಮೊಬೈಲು ಹಳದಿ ಎಂದು ಹೇಳುತ್ತಿದ್ದಾಗ ಅವನ ಕಾಲು ಬೇರೆ ಬಣ್ಣ ತೋರಿಸುತ್ತಿತ್ತು.

ಈಗ ತಡಿಯಂಡಮೋಳಿನ ಮಾತು ಎದ್ದಿದೆ. ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಬುಡದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ. “ಕೊನೆಯದೊಂದು ಏರು ಬಿಟ್ಟರೆ ಬರೀ ಮಾಡರೇಟು ಮಾವಾ” ಎಂದು ಅಳಿಯ ಹೇಳಿದ್ದಾನೆ. ಹೊಸ ಶೂ ಕೊಂಡಿದ್ದೇನೆ. ಅಟ್ಟಕ್ಕೆ ಹಾಕುವ ಪ್ರಶ್ನೆಯೇ ಇಲ್ಲ. ಕಾಲಿಗೆ ಪಳಗಲಿ ಎಂದು ದಿನಾ ಬೆಳಿಗ್ಗೆ ಹಾಲಿಗೂ ತರಕಾರಿಗೂ ಅದನ್ನೇ ಹಾಕಿಕೊಂಡು ಹೋಗುತ್ತೇನೆ. ಲುಂಗಿ, ಬನಿಯನ್ನು, ಕೆಳಗೆ ಕಣಕಾಲಿನ ತನಕ ಬಿಗಿದ ಟ್ರೆಕ್ಕಿಂಗ್ ಶೂ. ನಿನ್ನೆ ಸೊಪ್ಪಿನಮ್ಮ ದಂಟಿನ ಕಟ್ಟು ಕೈಗೆ ಕೊಟ್ಟು, ಶೂ ನೋಡಿ, ನನ್ನ ಮುಖ ನೋಡಿ, “ಯಾಕ್ ಸಾಮಿ, ಮಿಲ್ಟ್ರಿಯವ್ರು ಈ ವಯಸ್ನಾಗೂ ಸೇರಿಸ್ಕತಾರಾ?” ಎಂದಳು. ಕೊಸರಿಗೆಂದು ಎರಡು ಎಸಳು ಕೊತ್ತಂಬರಿಯನ್ನೂ ಚೀಲಕ್ಕೆ ಹಾಕಿದಳು.